ಹಂಪಿ ಬಜಾರು ಮತ್ತು ನಾವು
(ಸಾಣಾಪುರದಲ್ಲಿ ಮಾಡಿದ ಭಾಷಣ)



2011ರ ಜುಲೈನಲ್ಲಿ ಹೊಳೆಯಾಚೆ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ತೆರವುಗೊಳಿಸಲಾಯಿತು. 2020ರ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ, ಇಲ್ಲೇ ಪಕ್ಕದ ವಿರುಪಾಪುರಗಡ್ಡೆಯ ರೆಸಾರ್ಟುಗಳು ನೆಲಸಮಗೊಂಡವು. ಸ್ಮಾರಕಗಳು ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೇಟೆಯಂಚಿನ ಹೊಸ ಬಡಾವಣೆಗಳಲ್ಲಿ ನೆಲೆಸಿ, ರಜೆಗೊಮ್ಮೆ ಹಂಪಿಗೆ ಬಂದುಹೋಗುವ ನಾವು ಇದನ್ನು ಕೇವಲ ‘ಸ್ವಚ್ಛತೆ’ ಎಂದೆವು. ಅಲ್ಲಿ ಒಲೆ ಹೊತ್ತಿಸುತ್ತಿದ್ದವರು ಎಲ್ಲಿಗೆ ಹೋದರೆಂದು ವಿಚಾರಿಸಲಿಲ್ಲ. ಹಳೇ ಮೊಹಲ್ಲಾಗಳ ರಸ್ತೆ ಅಗಲೀಕರಣದ ಮಾತು ಬಂದಾಗಲೂ ನಮ್ಮ ಧೋರಣೆ ಇದೇ.

ಮದೀನಾದಲ್ಲಿ ಮಸೀದಿಗೆ ಆರಿಸಿದ ನಿವೇಶನ ಇಬ್ಬರು ಅನಾಥ ಬಾಲಕರದ್ದಾಗಿತ್ತು. ಅವರು ಉಚಿತವಾಗಿ ನೀಡಲು ಸಿದ್ಧರಿದ್ದರೂ ಪ್ರವಾದಿವರ್ಯರು(ಸ) ಬೆಲೆ ತೆರದೆ ಅದನ್ನು ಸ್ವೀಕರಿಸಲಿಲ್ಲ. ನಮ್ಮ ಜಮಾಅತ್ ಕಮಿಟಿಗಳು ಅಗಲೀಕರಣಕ್ಕೆ ಒಪ್ಪಿಗೆಯ ಠರಾವು ಬರೆಯುವ ಮುನ್ನ, ಬಾಡಿಗೆ ಅಂಗಡಿಯ ಪಂಕ್ಚರ್‌ನವನನ್ನೂ ಸಭೆಗೆ ಕರೆಯಲಿ.