ಬೆಳಗಿನ ಬೆನ್ನುಬಿಗಿತ ಮತ್ತು ರಕ್ತಹೀನತೆ

(ಹಾಲು ಉತ್ಪಾದಕರ ಸಹಕಾರ ಸಂಘವೊಂದರ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಪ್ರತಿ ವರ್ಷ ಈ ಸಭೆಯಲ್ಲಿ ನಾನು ಕೆಚ್ಚಲು ಬಾವು, ಖನಿಜ ಮಿಶ್ರಣ, ಹಸಿರು ಮೇವು ಎಂದು ಮಾತನಾಡುವುದು ವಾಡಿಕೆ. ಈ ಸಲ ರಾಸು ಸಾಕುವವರ ಬೆನ್ನಿನ ಬಗ್ಗೆ ನಾಲ್ಕು ಮಾತು ಹೇಳಲು ಅಧ್ಯಕ್ಷರ ಅನುಮತಿ ಪಡೆದಿದ್ದೇನೆ. ನಾನು ಮನುಷ್ಯರ ವೈದ್ಯನಲ್ಲ. ಆದರೆ ಹದಿನೆಂಟು ವರ್ಷಗಳಿಂದ ಈ ಕಾಯಿಲೆಯ ರೋಗಿ.

ನನಗೆ 27 ವರ್ಷವಾಗಿದ್ದಾಗ ಬೆಳಗಿನ ಜಾವ ಸೊಂಟ ನೋವಿಗೆ ಎಚ್ಚರವಾಗತೊಡಗಿತು. ಏಳಬೇಕಾದರೆ ಗೋಡೆ ಹಿಡಿಯಬೇಕು. ಒಂದು ಗಂಟೆ ಓಡಾಡಿ ಎರಡು ಕೊಟ್ಟಿಗೆ ಸುತ್ತಿದ ಮೇಲೆ ಸಡಿಲವಾಗುತ್ತಿತ್ತು. ಭಾನುವಾರ ಮಲಗಿದ್ದರೆ ಮಾತ್ರ ಜಾಸ್ತಿ. ದಿನಾ ಹಸುಗಳ ಗರ್ಭ ಪರೀಕ್ಷೆಗೆ ಬಗ್ಗುವವನಲ್ಲವೇ, ಕೆಲಸದ ನೋವು ಎಂದುಕೊಂಡೆ. ತಪ್ಪಿದ್ದು ಅಲ್ಲೇ. ದುಡಿಮೆಯ ನೋವು ಸಾಮಾನ್ಯವಾಗಿ ಮಲಗಿದರೆ ಇಳಿಯುತ್ತದೆ. ಬೆನ್ನುಮೂಳೆಯ ಕೀಲುಗಳ ಉರಿಯೂತದ ನೋವು ಮಲಗಿದರೆ ಏರುತ್ತದೆ, ಮೈ ಆಡಿಸಿದರೆ ಇಳಿಯುತ್ತದೆ. ಇದಕ್ಕೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುತ್ತಾರೆ. ಬಹುಪಾಲು 45 ವರ್ಷದೊಳಗೇ ಶುರುವಾಗುತ್ತದೆ. ಹಾಗೇ ಬಿಟ್ಟರೆ ಕೆಲವರಲ್ಲಿ ಬೆನ್ನುಮೂಳೆಯ ಮಣಿಗಳು ಒಂದಕ್ಕೊಂದು ಬೆಸೆದುಕೊಂಡು ಬೆನ್ನು ಬಾಗಿ ನಿಲ್ಲುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಹೀಗೆ ಬಿಗಿತವಿದ್ದರೆ, ಅದರ ಜೊತೆಗೆ ಕಣ್ಣು ಕೆಂಪಾಗಿ ನೋಯುತ್ತಿದ್ದರಂತೂ, ಸಂಧಿವಾತ ತಜ್ಞರನ್ನೇ ಕಾಣಬೇಕು. ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು. ಅದನ್ನು ನಂಬಿ ನಾನು ಆರು ವರ್ಷ ಕಳೆದೆ.

ನಮ್ಮವರಿಗೆ ಇನ್ನೊಂದು ಮಾತು. ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಮನುಷ್ಯರಿಗೂ ತಗಲುತ್ತದೆ. ಸೊಂಟದ ಕೀಲಿಗೂ ಬೆನ್ನುಮೂಳೆಗೂ ಇಳಿದು ಇದೇ ತರಹ ನೋಯಿಸುತ್ತದೆ. ಅದಕ್ಕೆ ಮದ್ದೇ ಬೇರೆ, ವಾರಗಟ್ಟಲೆ ತಪ್ಪದೆ ನುಂಗಬೇಕು. ಮನೆಯಲ್ಲಿ ಹಸು ಕಂದು ಹಾಕಿದ್ದರೆ, ಬರಿಗೈಯಲ್ಲಿ ಕಸ ತೆಗೆದಿದ್ದರೆ, ಹಸಿ ಹಾಲು ಕುಡಿದಿದ್ದರೆ ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಿ. ಪಟ್ಟಣದ ಡಾಕ್ಟರಿಗೆ ನಿಮ್ಮ ಕೊಟ್ಟಿಗೆ ಕಾಣುವುದಿಲ್ಲ.

ಆ ಆರು ವರ್ಷ ನಾನು ಅಂಗಡಿಯಿಂದ ನೋವಿನ ಗುಳಿಗೆ ತಂದು ಖಾಲಿ ಹೊಟ್ಟೆಯಲ್ಲಿ ನುಂಗಿದೆ. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಹಸು ಸೊರಗಿದೆ ಎಂದರೆ ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ಬಣ್ಣ ನೋಡುವವನು ನಾನು. ನನ್ನ ರೆಪ್ಪೆ ಎಳೆದು ನೋಡಿದವಳು ನನ್ನ ಹೆಂಡತಿ. ಸುಣ್ಣದ ಹಾಗೆ ಬಿಳುಪಾಗಿತ್ತು. ಹಿಮೋಗ್ಲೋಬಿನ್ 7. ಒಂದು ಕಡೆ ಕಬ್ಬಿಣಾಂಶದ ಗುಳಿಗೆ ಬರೆದು ಕಳಿಸಿದರು. ಎರಡು ತಿಂಗಳಾದರೂ ಏರಲಿಲ್ಲ. ಕೊನೆಗೆ ರಕ್ತರೋಗ ತಜ್ಞರ ಹತ್ತಿರ ಹೋದಾಗ ಅವರು ಕೇಳಿದ್ದು ಒಂದೇ: "ರಕ್ತ ಎಲ್ಲಿಗೆ ಹೋಯಿತು?"

ಉಣ್ಣೆಯಿಂದ ಥೈಲೇರಿಯಾ ಬಂದ ಹಸುವಿಗೆ ಬರೀ ಟಾನಿಕ್ ಕೊಟ್ಟರೆ ಉಳಿಯುತ್ತದೆಯೇ? ಕಿವಿಯಿಂದ ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡುತ್ತೇವೆ. ಅವರೂ ಹಾಗೇ ರಕ್ತದ ಲೇಪನ ನೋಡಿದರು, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ಅಳೆಸಿದರು, ಹೊಟ್ಟೆಗೆ ಕೊಳವೆ ಇಳಿಸಿ ನೋಡಿಸಿದರು. ಗುಳಿಗೆಯಿಂದ ಜಠರದಲ್ಲಿ ಹುಣ್ಣಾಗಿ ರಕ್ತ ಒಸರುತ್ತಿತ್ತು. ಅದಲ್ಲದೆ ಉರಿಯೂತ ಜೋರಾಗಿದ್ದಾಗ ಮೈಯೊಳಗೆ ಕಬ್ಬಿಣವಿದ್ದರೂ ದೇಹ ಅದನ್ನು ಬೀಗ ಹಾಕಿ ಇಟ್ಟುಕೊಳ್ಳುತ್ತದಂತೆ. ಹುಣ್ಣು ಮಾಗಿ, ಮೂಲ ಕಾಯಿಲೆ ಹತೋಟಿಗೆ ಬಂದ ಮೇಲೇ ರಕ್ತ ಏರಿದ್ದು. ನೋವಿನ ಗುಳಿಗೆ ಈ ಕಾಯಿಲೆಗೆ ಬೇಡವೆಂದಲ್ಲ, ಬೇಕೇ ಬೇಕಾಗುತ್ತದೆ. ಆದರೆ ಡಾಕ್ಟರು ಹೇಳಿದಷ್ಟು, ಊಟದ ಮೇಲೆ. ಮಲ ಡಾಂಬರಿನಂತೆ ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನು ವ್ಯಾಯಾಮ. ಈ ಕಾಯಿಲೆಗೆ ಅದು ಗುಳಿಗೆಯಷ್ಟೇ ಮುಖ್ಯ. ನಾನು ಎದ್ದ ತಕ್ಷಣ ಬಿಸಿನೀರು ಸುರಿದುಕೊಳ್ಳುತ್ತೇನೆ, ಆಮೇಲೆ ಹಿಮ್ಮಡಿ, ಪೃಷ್ಠ, ಭುಜ ಗೋಡೆಗೆ ತಾಗಿಸಿ ಗಲ್ಲ ಒಳಗೆಳೆದು ನಿಲ್ಲುತ್ತೇನೆ. ಪಕ್ಕೆಯ ಮೇಲೆ ಕೈಯಿಟ್ಟು ಹತ್ತು ದೀರ್ಘ ಉಸಿರು, ಏಕೆಂದರೆ ಎದೆಗೂಡೂ ಬಿಗಿಯುತ್ತದೆ. ಕುತ್ತಿಗೆ ನಿಧಾನವಾಗಿ ಎಡಬಲ. ಸಂಜೆ ಹದಿನೈದು ನಿಮಿಷ ಬೋರಲು ಮಲಗುವುದು, ಅರ್ಧ ಗಂಟೆ ನಡಿಗೆ. ದಿಂಬು ತೆಳ್ಳಗಿರಲಿ. ವ್ಯಾಯಾಮದ ನೋವು ಎರಡು ಗಂಟೆ ಕಳೆದರೂ ಇಳಿಯದಿದ್ದರೆ ಮರುದಿನ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ.

ಮಾಡಬಾರದ್ದನ್ನು ಗಟ್ಟಿಯಾಗಿ ಹೇಳುತ್ತೇನೆ. ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ಒದೆಸಿಕೊಳ್ಳುವುದು, ಕುತ್ತಿಗೆ ಲಟಕ್ ಅನ್ನಿಸಿಕೊಳ್ಳುವುದು, ಶೀರ್ಷಾಸನ, ಇವು ಯಾವುವೂ ಬೇಡ. ಬೆಸೆದುಕೊಂಡ ಬೆನ್ನುಮೂಳೆ ಸಣ್ಣ ಏಟಿಗೂ ಮುರಿಯುತ್ತದೆ. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಹೊಸದಾಗಿ ಕುತ್ತಿಗೆ ಅಥವಾ ಬೆನ್ನು ನೋವು ಬಂದರೆ, ಕಾಲು ಸೋತರೆ, ಮೂತ್ರ ಕಟ್ಟಿದರೆ, ಎತ್ತಿ ಕೂರಿಸದೆ ಹಲಗೆಯ ಮೇಲೆ ಆಸ್ಪತ್ರೆಗೆ ಸಾಗಿಸಬೇಕು. ಹುಲ್ಲಿನ ಹೊರೆ ತಲೆಯ ಮೇಲೆ ಹೊರಬೇಡಿ, ತಳ್ಳುಗಾಡಿ ಬಳಸಿ. ಹಾಲು ಕರೆಯಲು ಕುಕ್ಕರಗಾಲಿನ ಬದಲು ಗಿಡ್ಡ ಸ್ಟೂಲು ಇಟ್ಟುಕೊಳ್ಳಿ. 40 ಲೀಟರಿನ ಕ್ಯಾನನ್ನು ಇಬ್ಬರು ಸೇರಿ ಎತ್ತಿ.

4ರಿಂದ 8 ತಿಂಗಳ ಹೆಣ್ಣು ಕರುಗಳಿದ್ದರೆ ಕಂದು ರೋಗದ ಲಸಿಕೆಗೆ ಕಾರ್ಯದರ್ಶಿಗಳಲ್ಲಿ ಈಗಲೇ ಹೆಸರು ಬರೆಸಿ. ಬೆನ್ನುಬಿಗಿತ ಇರುವವರು ಸಭೆ ಮುಗಿದ ಮೇಲೆ ಹಾಲು ಅಳೆಯುವ ಕೋಣೆಯ ಹತ್ತಿರ ಬನ್ನಿ, ಗೋಡೆಗೆ ನಿಲ್ಲುವುದು ಹೇಗೆಂದು ತೋರಿಸುತ್ತೇನೆ.