ಆಧಿಯೂ ವ್ಯಾಧಿಯೇ

(ಅಮಾವಾಸ್ಯೆಯ ಶಿವಾನುಭವಗೋಷ್ಠಿಯಲ್ಲಿ ಪೂಜ್ಯ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಸಂಸ್ಕೃತದಲ್ಲಿ ‘ಆಧಿ’ ಎಂದೂ ‘ವ್ಯಾಧಿ’ ಎಂದೂ ಎರಡು ಶಬ್ದಗಳಿವೆ. ಶರೀರಕ್ಕೆ ಬರುವ ಬೇನೆ ವ್ಯಾಧಿ. ಮನಸ್ಸಿಗೆ ಬರುವ ವ್ಯಥೆ ಆಧಿ. ನಮ್ಮ ಹಿರಿಯರು ಇವೆರಡನ್ನೂ ದೂರದೂರ ಇಡದೆ ‘ಆಧಿವ್ಯಾಧಿ’ ಎಂದು ಒಂದೇ ಸಮಾಸದಲ್ಲಿ ಕೂಡಿಸಿದರು. ಆದರೆ ಶಬ್ದದಲ್ಲಿ ಕೂಡಿದ್ದು ನಮ್ಮ ನಡೆಯಲ್ಲಿ ಕೂಡಲಿಲ್ಲ. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಓಣಿಗೆಲ್ಲ ಹೇಳುತ್ತೇವೆ. ನೆರೆಯವರು ಗಂಜಿ ಮಾಡಿಕೊಂಡು ಬರುತ್ತಾರೆ; ಬೀಗರು ಎಳನೀರು ಹಿಡಿದು ನೋಡಲು ಬರುತ್ತಾರೆ. ಅದೇ ಮನೆಯಲ್ಲಿ ಒಬ್ಬರ ಮನಸ್ಸಿಗೆ ಬೇನೆ ಬಂದರೆ ಮೊದಲು ಬಾಗಿಲು ಮುಚ್ಚುತ್ತೇವೆ. ಯಾರಾದರೂ ಕೇಳಿದರೆ ‘ಊರಿಗೆ ಹೋಗಿದ್ದಾನೆ’ ಎನ್ನುತ್ತೇವೆ. ಒಂದು ರೋಗಕ್ಕೆ ಮರುಕ, ಇನ್ನೊಂದು ರೋಗಕ್ಕೆ ಮರೆ! ಈ ಭೇದ ಧರ್ಮಕ್ಕೆ ಒಪ್ಪುವುದೇ ಎಂಬುದನ್ನು ಇಂದು ವಿಚಾರಿಸಬೇಕೆಂದು ನಮ್ಮ ಇಚ್ಛೆ.

ಈ ದಿನವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಪ್ರತಿ ಅಮಾವಾಸ್ಯೆಯಂದು ಇಲ್ಲಿಗೆ ಬರುವ ಭಕ್ತರಲ್ಲಿ ಇಂಥ ದುಃಖವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುವ ತಾಯಂದಿರು ಇದ್ದೇ ಇರುತ್ತಾರೆ. ಜನ ಕರಗುವವರೆಗೆ ಕಂಬದ ಮರೆಯಲ್ಲಿ ನಿಂತಿದ್ದು, ಕೊನೆಗೆ ಹತ್ತಿರ ಬಂದು, ‘ಬುದ್ಧಿ, ಮಗ ರಾತ್ರಿಯೆಲ್ಲ ಮಲಗೋದಿಲ್ಲ, ಒಬ್ಬನೇ ಮಾತಾಡ್ತಾನೆ, ಯಾರೋ ಮಾಡಿಸಿದಾರೆ, ಒಂದು ತಾಯತ ಕಟ್ಟಿಕೊಡಿ’ ಎಂದು ಕಣ್ಣೀರು ಹಾಕುತ್ತಾರೆ. ಆ ಕಣ್ಣೀರು ಸತ್ಯ. ಆದರೆ ‘ಯಾರೋ ಮಾಡಿಸಿದ್ದಾರೆ’ ಎಂಬುದು ಸತ್ಯವೇ?

ಶಾಸ್ತ್ರದ ಕಡೆಗೆ ನೋಡೋಣ. ಚರಕಸಂಹಿತೆಯಲ್ಲಿ ಉನ್ಮಾದಕ್ಕೆ ಪ್ರತ್ಯೇಕ ಅಧ್ಯಾಯಗಳಿವೆ. ಅಲ್ಲಿ ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ವಾತ, ಪಿತ್ತ, ಕಫ, ಈ ಮೂರೂ ಸೇರಿದ ಸನ್ನಿಪಾತ — ಇವು ನಾಲ್ಕು. ಹೊರಗಿನಿಂದ ಬಂದದ್ದೆಂದು ಆ ಕಾಲದವರು ತಿಳಿದ ‘ಆಗಂತು’ ಐದನೆಯದು. ಅಂದರೆ ಐದರಲ್ಲಿ ನಾಲ್ಕನ್ನು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ನಮ್ಮ ವೈದ್ಯಾಚಾರ್ಯರು ಶರೀರದ ದೋಷಗಳಲ್ಲಿಯೇ ಹುಡುಕಿದರು! ಐದನೆಯದರ ವಿಷಯದಲ್ಲಿಯೂ ದೇವತೆಗಳನ್ನಾಗಲಿ ಪಿಶಾಚಗಳನ್ನಾಗಲಿ ದೂರಿ ಕೂರಬೇಡಿರೆಂದು ಅವರು ಎಚ್ಚರಿಸಿದ್ದಾರೆ.

ಚಿಕಿತ್ಸೆಯನ್ನು ಅದೇ ಗ್ರಂಥ ಮೂರು ವಿಧವಾಗಿ ಹೇಳುತ್ತದೆ. ಮಂತ್ರ, ಪೂಜೆ, ನಿಯಮಗಳಿಂದ ಮಾಡುವುದು ದೈವವ್ಯಪಾಶ್ರಯ. ಆಹಾರ, ಔಷಧಗಳನ್ನು ಯುಕ್ತಿಯಿಂದ ಯೋಜಿಸುವುದು ಯುಕ್ತಿವ್ಯಪಾಶ್ರಯ. ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆ ತರುವುದು ಸತ್ತ್ವಾವಜಯ. ಈ ಮೂರನ್ನೂ ಒಟ್ಟಿಗೆ ಹೇಳಿದರೇ ಹೊರತು, ಮೊದಲನೆಯದೊಂದೇ ಸಾಕು, ಉಳಿದೆರಡು ಬೇಡ ಎಂದು ಯಾವ ಆಚಾರ್ಯರೂ ಹೇಳಲಿಲ್ಲ. ತಾಯತವೊಂದನ್ನೇ ನಂಬಿ ಔಷಧಿಯನ್ನು ಬಿಡುವವರು ಶಾಸ್ತ್ರದ ಮೂರನೆಯ ಒಂದು ಪಾಲನ್ನು ಹಿಡಿದು ಎರಡು ಪಾಲನ್ನು ಚೆಲ್ಲಿದವರು.

ಹಾಗೆಂದು ಹಳೆಯದೆಲ್ಲವೂ ಗ್ರಾಹ್ಯವೆಂದು ನಮ್ಮ ಅಭಿಪ್ರಾಯವಲ್ಲ. ಅದೇ ಗ್ರಂಥದಲ್ಲಿ ರೋಗಿಯನ್ನು ಕಟ್ಟುವ, ಬೆದರಿಸುವ ಉಪಾಯಗಳೂ ಇವೆ. ಅವು ಆ ಕಾಲದ ತಿಳಿವಳಿಕೆ, ಇಂದು ತ್ಯಾಜ್ಯ. ಹಿರಿಯರಿಂದ ವಿಚಾರಬುದ್ಧಿಯನ್ನು ತೆಗೆದುಕೊಳ್ಳಬೇಕು, ಹಗ್ಗವನ್ನಲ್ಲ.

ಇನ್ನು ಔಷಧಿಯ ಮಾತು. ಸರ್ಪಗಂಧಿ ಎಂಬ ಗಿಡವನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಅದರ ಬೇರನ್ನು ಚಿತ್ತಭ್ರಮೆಗೆ ಕೊಡುವ ರೂಢಿ ನಮ್ಮ ದೇಶದಲ್ಲಿ ಹಿಂದಿನಿಂದ ಇತ್ತು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಆ ಬೇರು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ಇಳಿಸುವುದನ್ನು ಪರೀಕ್ಷಿಸಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಎರಡು ವರ್ಷಗಳಲ್ಲಿ ಅದು ಅಮೆರಿಕದ ಮಾನಸಿಕ ಆಸ್ಪತ್ರೆಗಳನ್ನು ಮುಟ್ಟಿತು. ಅದೇ 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿ ರೋಗಿಗಳಿಗೆ ದೊರೆಯಿತು. ಅದಕ್ಕೂ ಮುಂಚೆ, 1949ರಲ್ಲಿ, ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು ಲಿಥಿಯಂ ಎಂಬ ಲವಣದಿಂದ ಉನ್ಮಾದದ ಆವೇಗ ತಗ್ಗುವುದನ್ನು ಕಂಡಿದ್ದರು. ಈ ಔಷಧಿಗಳು ಬಂದ ಮೇಲೆ, ಬಾಳೆಲ್ಲ ಗೋಡೆಯೊಳಗೆ ಕಳೆಯಬೇಕಿದ್ದ ಎಷ್ಟೋ ಜನ ಮನೆಗೆ ಮರಳಿದರು.

ಆ ಸರ್ಪಗಂಧಿಯನ್ನು ಈಗ ಯಾರೂ ಮನೆಯಲ್ಲಿ ಅರೆದು ಕುಡಿಸಬೇಡಿರಿ. ಅದು ರಕ್ತದ ಒತ್ತಡವನ್ನು ಇಳಿಸುತ್ತದೆ, ಕೆಲವರಲ್ಲಿ ಖಿನ್ನತೆಯನ್ನು ತರುತ್ತದೆ. ಅದಕ್ಕಿಂತ ಉತ್ತಮವಾದವು ಬಂದಿವೆ. ನಾವು ಆ ಕಥೆಯನ್ನು ಹೇಳಿದ್ದು ಬೇರೊಂದು ಕಾರಣಕ್ಕೆ. ಒಂದು ಗಿಡದ ಬೇರಿಗೆ, ಒಂದು ಚಿಟಿಕೆ ಲವಣಕ್ಕೆ ಇಳಿಯುವುದು ರೋಗವೇ ಹೊರತು ದೆವ್ವವಲ್ಲ. ವಂಶದಿಂದ ಬಂದ ಒಲವು, ಮಿದುಳಿನ ಕಾರ್ಯದಲ್ಲಾಗುವ ಏರುಪೇರು, ಬಾಲ್ಯದಲ್ಲಿ ಬಿದ್ದ ಪೆಟ್ಟು, ಸಾಲ, ಸಾವು, ಕುಡಿತ — ಇವುಗಳಲ್ಲಿ ಹಲವು ಸೇರಿ ಈ ರೋಗಗಳು ಬರುತ್ತವೆಂದು ವೈದ್ಯರು ಹೇಳುತ್ತಾರೆ. ಇದರಲ್ಲಿ ರೋಗಿಯ ಪಾಪವೆಲ್ಲಿ ಬಂತು? ‘ಲಿಂಗಪೂಜೆ ಬಿಟ್ಟ, ಅದಕ್ಕೇ ಹೀಗಾಯಿತು’ ಎಂದು ಕೆಲವರು ಹೇಳುವುದುಂಟು. ಅದು ತಿರುವುಮುರುವು. ರೋಗ ಬಂದದ್ದರಿಂದ ಪೂಜೆ ನಿಂತಿತು. ಜ್ವರದಲ್ಲಿ ಮಲಗಿದವನು ಸ್ನಾನ ಮಾಡಲಿಲ್ಲವೆಂದು ಯಾರಾದರೂ ಬಯ್ಯುತ್ತಾರೆಯೇ?

ನಮ್ಮ ನಾಡು ಈ ವಿಷಯದಲ್ಲಿ ಲೋಕಕ್ಕೆ ದಾರಿ ತೋರಿದ ನಾಡು. ಇಂದಿಗೂ ಬಯ್ಯುವಾಗ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’, ‘ನಿಮ್ಹಾನ್ಸಿಗೆ ಸೇರಿಸಬೇಕು’ ಎನ್ನುತ್ತೇವೆ. ಆ ಸ್ಥಳಗಳಲ್ಲಿ ನಡೆದ ಕೆಲಸವೇನೆಂದು ತಿಳಿದರೆ ಹಾಗೆ ಹಾಸ್ಯ ಮಾಡಲು ನಾಲಿಗೆ ಏಳಲಾರದು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು; ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿಯ ವೈದ್ಯರು ರೋಗಿ ಬರಲೆಂದು ಕಾಯದೆ ತಾವೇ ಹಳ್ಳಿಯತ್ತ ನಡೆದರು. ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಮೊದಲು ಮಾಡಿ ನೋಡಿ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಅಗತ್ಯವಾದ ಕೆಲವೇ ಔಷಧಿಗಳನ್ನು ಅಲ್ಲಿಯೇ ಸಿಗುವಂತೆ ಮಾಡಿದರು. ಮನಸ್ಸಿನ ಬೇನೆಗೂ ಊರ ಹತ್ತಿರವೇ ಚಿಕಿತ್ಸೆ ಸಾಧ್ಯವೆಂಬುದು ತಿಳಿಯಿತು. ಆ ಬಳ್ಳಾರಿಯ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು.

2005ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯನ್ನು ತಾಯಂದಿರು ಗಮನವಿಟ್ಟು ಕೇಳಬೇಕು. ಕರ್ನಾಟಕದ ಎಂಟು ಗ್ರಾಮೀಣ ಪ್ರದೇಶಗಳಲ್ಲಿ, ಸ್ಕಿಜೋಫ್ರೀನಿಯ ಎಂಬ ಚಿತ್ತವಿಕಲತೆಯಿಂದ ನರಳುತ್ತ ಚಿಕಿತ್ಸೆಯಿಲ್ಲದೆ ಉಳಿದಿದ್ದ 100 ಜನರನ್ನು ಹುಡುಕಿದರು. ಅವರಲ್ಲಿ 28 ಮಂದಿ ಈ ರೋಗದ ಔಷಧಿಯನ್ನು ಒಮ್ಮೆಯೂ ಕಂಡವರಲ್ಲ. ಉಳಿದ 72 ಮಂದಿ ಆರು ತಿಂಗಳಿಂದ ಔಷಧಿಯಿಲ್ಲದೆ ಇದ್ದವರು. ಇವರಿಗೆ ಔಷಧಿಯನ್ನೂ ಮನಸ್ಸಿಗೆ ಬೇಕಾದ ಆಸರೆಯನ್ನೂ ಕೊಟ್ಟು, ಮೂರು ತಿಂಗಳಿಗೊಮ್ಮೆ ಒಂದೂವರೆ ವರ್ಷ ಪರೀಕ್ಷಿಸಿದರು. ರೋಗದ ಲಕ್ಷಣಗಳು ತಗ್ಗಿದವು. ಕೆಲಸ ಮಾಡುವ ಶಕ್ತಿ ಮರಳಿತು. ಮನೆಯವರ ಹೊರೆ ಇಳಿಯಿತು. ವಿಶೇಷವಾಗಿ ಮೊದಲ ಮೂರು ತಿಂಗಳಲ್ಲಿಯೇ ಹೆಚ್ಚು ಗುಣ ಕಂಡಿತು. ಮೂರು ತಿಂಗಳೆಂದರೆ ಮೂರು ಅಮಾವಾಸ್ಯೆ! ಎಷ್ಟು ಮನೆಗಳಲ್ಲಿ ಮೂವತ್ತು, ನಲವತ್ತು ಅಮಾವಾಸ್ಯೆಗಳನ್ನು ಕಾಯುತ್ತ ಕಳೆದಿದ್ದಾರೆ!

ಇಷ್ಟಿದ್ದರೂ ಚಿಕಿತ್ಸೆ ಜನರನ್ನು ಮುಟ್ಟಿಲ್ಲ. 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ 100ಕ್ಕೆ ಹೆಚ್ಚುಕಡಿಮೆ 10 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. ಅವರಲ್ಲಿ ಚಿಕಿತ್ಸೆ ಸಿಗದವರು, ರೋಗದ ಬಗೆಗೆ ತಕ್ಕಂತೆ, 100ಕ್ಕೆ 70ರಿಂದ 92ರವರೆಗೆ! ಔಷಧಿ ಇಲ್ಲವೆಂದೇ ಹೀಗಾಗಲಿಲ್ಲ. ವೈದ್ಯರ ಕೊರತೆಯ ಜೊತೆಗೆ ನಮ್ಮ ನಾಚಿಕೆಯೂ ಅಡ್ಡ ನಿಂತಿದೆ.

‘ಹಾಗಾದರೆ ಮಠಮಂದಿರಗಳ ಕೆಲಸವೇನು?’ ಎಂದು ನೀವು ಕೇಳಬಹುದು. ಅದಕ್ಕೂ ಸಂಶೋಧನೆಯ ಉತ್ತರವಿದೆ. ತಮಿಳುನಾಡಿನಲ್ಲಿ ಮುತ್ತುಸ್ವಾಮಿಯ ದೇವಸ್ಥಾನವೊಂದಿದೆ. ಮನಸ್ಸಿನ ರೋಗಿಗಳು ಮನೆಯವರೊಡನೆ ಬಂದು ಅಲ್ಲಿ ತಂಗುತ್ತಿದ್ದರು. ನಿಮ್ಹಾನ್ಸಿನ ಡಾ. ರಘುರಾಮ್ ಮತ್ತು ಅವರ ಜೊತೆಗಾರರು ಅಲ್ಲಿಯ 31 ಜನರನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಸರಾಸರಿ ಆರು ವಾರ ಅಲ್ಲಿದ್ದು ಹೊರಡುವಾಗ, ರೋಗದ ತೀವ್ರತೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ತಗ್ಗಿತ್ತು. ಅಲ್ಲಿ ವಿಶೇಷ ವಿಧಿಗಳೇನೂ ಇರಲಿಲ್ಲ. ಬೆಳಗಿನ ಪೂಜೆ, ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಹೆದರಿಸದ ಜನ — ಇಷ್ಟೇ.

ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ನಡೆದದ್ದನ್ನೂ ನೆನೆಯಬೇಕು. ಪುಣ್ಯಸ್ಥಳಕ್ಕೆಂದು ಕರೆತಂದ ರೋಗಿಗಳನ್ನು ಅಲ್ಲಿಯ ಖಾಸಗಿಯವರೊಬ್ಬರ ಆಶ್ರಯದ ಗುಡಿಸಲಿನಲ್ಲಿ ಸರಪಳಿಯಿಂದ ಬಿಗಿದಿದ್ದರು. ಬೆಂಕಿ ಬಿತ್ತು. ಓಡಲಾರದೆ 28 ಜೀವಗಳು ಬೆಂದುಹೋದವು. ಅವರೆಲ್ಲರೂ ತಾಯಿಯ ಮಕ್ಕಳೇ. ಎರಡು ಕಡೆಯೂ ಭಕ್ತಿಯ ನೆರಳಿತ್ತು. ಒಂದು ಕಡೆ ದಯೆ ಇತ್ತು, ಇನ್ನೊಂದು ಕಡೆ ಸರಪಳಿ ಇತ್ತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ರೋಗಿಗೆ ಸರಪಳಿ ಹಾಕುವುದನ್ನು ಯಾವ ರೀತಿಯಲ್ಲಿಯೂ ನಿಷೇಧಿಸಿದೆ. ಕಾಯಿದೆ ಹೇಳುವ ಮುಂಚೆಯೇ ಧರ್ಮ ಅದನ್ನು ಹೇಳಬೇಕಾಗಿತ್ತು.

ಇನ್ನೊಂದು ಕಠಿಣವಾದ ಮಾತು. ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಮಾತು ನಮ್ಮ ಊರುಗಳಲ್ಲಿ ಬಹಳ ಇದೆ. ರೋಗವನ್ನು ಮುಚ್ಚಿ ಲಗ್ನ ನಿಶ್ಚಯಿಸುತ್ತಾರೆ. ಗುಟ್ಟು ಹೊರಬೀಳಬಾರದೆಂದು ಮದುವೆಯ ವಾರದಲ್ಲಿಯೇ ಗುಳಿಗೆ ನಿಲ್ಲಿಸುತ್ತಾರೆ. ನಿದ್ದೆಗೆಟ್ಟು, ಔಷಧಿ ಬಿಟ್ಟು, ಗದ್ದಲದಲ್ಲಿ ರೋಗ ಮರುಕಳಿಸುತ್ತದೆ. ಆಮೇಲೆ ಬಂದ ಸೊಸೆಯ ಕಾಲ್ಗುಣವೆಂದು ದೂರುತ್ತಾರೆ! ಮಗಳಿಗೆ ಬೇನೆಯಿದ್ದರೆ ಅವಳ ಪಾಡು ಇದಕ್ಕಿಂತಲೂ ಕಷ್ಟ. ಗಂಡನ ಮನೆಯವರು ತವರಿಗೆ ತಂದುಬಿಟ್ಟು ಹಿಂದಿರುಗಿ ನೋಡುವುದಿಲ್ಲ. ಇದು ಎರಡು ಮನೆಗಳಿಗೆ ಮಾಡುವ ದ್ರೋಹ. ಈ ರೋಗವಿದ್ದವರು ಮದುವೆಯಾಗಬಾರದೆಂದು ನಾವು ಹೇಳುವುದಿಲ್ಲ. ಚಿಕಿತ್ಸೆಯಿಂದ ನೆಮ್ಮದಿಯಾಗಿ ಸಂಸಾರ ಮಾಡುವವರು ಎಷ್ಟೋ ಜನ ಇದ್ದಾರೆ. ಆದರೆ ಹೇಳಿ ಮಾಡಿರಿ, ಮುಚ್ಚಿ ಮಾಡಬೇಡಿರಿ. ರೋಗವನ್ನು ಮುಚ್ಚಿಟ್ಟ ಲಗ್ನಕ್ಕೆ ನಮ್ಮಿಂದ ಅಕ್ಷತೆ ಬೀಳುವುದಿಲ್ಲ.

ಶರಣರ ಕಡೆಗೆ ನೋಡಿರಿ. ಮರುಳಶಂಕರದೇವರು ಕಲ್ಯಾಣದ ಮಹಾಮನೆಯಲ್ಲಿ ಹನ್ನೆರಡು ವರ್ಷ ಪ್ರಸಾದಕುಂಡದ ಬಳಿ ಯಾರ ಗಮನಕ್ಕೂ ಬಾರದೆ ಇದ್ದರೆಂದು ಶೂನ್ಯಸಂಪಾದನೆಯಿಂದ ತಿಳಿಯುತ್ತದೆ. ಅವರು ರೋಗಿಗಳಲ್ಲ, ಮಹಾಜ್ಞಾನಿಗಳು. ಅಲ್ಲಮಪ್ರಭುಗಳು ಬಂದು ಅವರ ನಿಲವನ್ನು ಕಂಡರು. ನಾವು ಗಮನಿಸಬೇಕಾದದ್ದು ಮಹಾಮನೆಯ ನಡೆಯನ್ನು. ಮರುಳನಂತೆ ಕಂಡವನನ್ನೂ ಅದು ಹೊರಗೆ ಹಾಕಲಿಲ್ಲ. ಉಣ್ಣಲು ಪ್ರಸಾದವಿತ್ತು, ಮಾಡಲು ಕಾಯಕವಿತ್ತು, ಇರಲು ಜಾಗವಿತ್ತು. ಇಂದು ವೈದ್ಯರು ಚೇತರಿಸಿಕೊಂಡ ರೋಗಿಗೆ ಬೇಕೆಂದು ಹೇಳುವುದೂ ಇವನ್ನೇ. ಮಕ್ಕಳಿಗೆ ಮರುಳಸಿದ್ಧನೆಂದು ಭಕ್ತಿಯಿಂದ ಹೆಸರಿಡುತ್ತೇವೆ. ನಿಜವಾಗಿ ಮನಸ್ಸು ನೊಂದವನನ್ನು ಹಿಂದಿನ ಕೋಣೆಗೆ ತಳ್ಳುತ್ತೇವೆ. ಇದು ಶರಣರ ಮಾರ್ಗವಲ್ಲ.

ಆದ್ದರಿಂದ ಭಕ್ತರಲ್ಲಿ ನಮ್ಮ ಅಪ್ಪಣೆ ಇಷ್ಟು. ಮುಂದಿನ ಅಮಾವಾಸ್ಯೆಯಿಂದ ಇಂಥ ರೋಗಿಗಳನ್ನು ಕರೆತರುವವರು ವೈದ್ಯರ ಚೀಟಿಯನ್ನೂ ತರಬೇಕು. ಚೀಟಿ ಇಲ್ಲದವರನ್ನು ಮಠವು ಹಿಂದೆ ಕಳಿಸುವುದಿಲ್ಲ. ಮಠದವರೇ ಜೊತೆಗೆ ಬಂದು ಸರಕಾರಿ ಆಸ್ಪತ್ರೆಗೆ ತೋರಿಸುತ್ತಾರೆ. ವಿಭೂತಿ ಕೊಡುತ್ತೇವೆ, ಪಾದೋದಕ ಕೊಡುತ್ತೇವೆ. ಅವುಗಳ ಹೆಸರಿನಲ್ಲಿ ಯಾರೂ ಗುಳಿಗೆ ಬಿಡಬಾರದು. ಗುಣವಾದಂತೆ ಕಂಡರೂ ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು. ಪ್ರಸಾದವನ್ನು ಕೊಡುವ ಭಾವದಿಂದಲೇ ಗುಳಿಗೆಯನ್ನೂ ಕೊಡಿರಿ. ಮನೆಯಲ್ಲಿ ಕಟ್ಟುವುದು, ಹೊಡೆಯುವುದು, ಬರೆ ಹಾಕಿಸುವುದು ಇಂದಿಗೇ ನಿಲ್ಲಲಿ.

‘ಬದುಕು ಸಾಕಾಗಿದೆ’ ಎಂದು ಯಾರಾದರೂ ಅಂದರೆ ಅದನ್ನು ಹಗುರಾಗಿ ಎಣಿಸಬೇಡಿರಿ, ಬಯ್ಯಬೇಡಿರಿ. ಒಬ್ಬರನ್ನೇ ಬಿಡದೆ ಹತ್ತಿರ ಕುಳಿತು ಕೇಳಿರಿ. ಸರಕಾರವು 2022ರಲ್ಲಿ ಟೆಲಿಮಾನಸ್ ಎಂಬ ಸಹಾಯವಾಣಿಯನ್ನು ಆರಂಭಿಸಿದೆ. 14416 ಎಂಬ ಸಂಖ್ಯೆಗೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾತಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ಮಠದ ದಾಸೋಹಮನೆಯ ಗೋಡೆಯ ಮೇಲೆ ಬರೆಯಿಸುತ್ತೇವೆ. ನೀವೂ ನಿಮ್ಮ ಊರ ಗುಡಿಯ ಗೋಡೆಯ ಮೇಲೆ ಬರೆಯಿಸಿರಿ.

ಇನ್ನು ಮೇಲೆ ಯಾವ ತಾಯಿಯೂ ಕಂಬದ ಮರೆಯಲ್ಲಿ ನಿಲ್ಲುವಂತಾಗಬಾರದು. ಎಲ್ಲರ ಎದುರಿಗೆ ಬಂದು, ಜ್ವರದ ಮಾತನ್ನು ಹೇಳುವಷ್ಟೇ ಸಹಜವಾಗಿ, ‘ಮಗನಿಗೆ ಮನಸ್ಸಿಗೆ ಬೇನೆ’ ಎಂದು ಹೇಳುವಂತಾಗಲಿ. ಕೇಳಿದವರು ಗಂಜಿ ಮಾಡಿಕೊಂಡು ಅವರ ಮನೆಗೆ ಹೋಗುವಂತಾಗಲಿ. ನೊಂದವರ ಮನಸ್ಸಿಗೂ, ಅವರನ್ನು ನೋಡಿಕೊಳ್ಳುವವರ ತೋಳಿಗೂ ಪರಶಿವನು ಬಲವನ್ನು ಕೊಡಲೆಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.