ಸೋತು ಬಿಡುವುದು, ಸಾಕೆಂದು ಬಿಡುವುದು



ಈ ಉಪನ್ಯಾಸದಲ್ಲಿ ವಿಡಿಯೋ ಗೇಮಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘದ ಕಾರ್ಯದರ್ಶಿಗಳು ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಮಕ್ಕಳು ಅದನ್ನ ಬಿಡೋದು ಹೇಗೆ ಅಂತ ಹೇಳ್ತೀರಾ ಸರ್?" ಎಂದು ಕೇಳಿದರು. "ಹೌದು, ಬಿಡುವುದರ ಬಗ್ಗೆಯೇ" ಎಂದೆ. ಅವರಿಗೆ ಸಮಾಧಾನವಾಯಿತು. ನಾನು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಚಟ ಬಿಡಿಸುವ ಮಾತು ನನ್ನದಲ್ಲ. ಆಟವನ್ನು ಪ್ರೀತಿಸುವವರೇ ಮುಕ್ಕಾಲು ದಾರಿ ಬಂದು, ಬೇಸರ ಹುಟ್ಟಿ, ಕೈಬಿಡುತ್ತಾರಲ್ಲ, ಬಿಟ್ಟ ಮೇಲೆ ಏನೋ ತಪ್ಪು ಮಾಡಿದವರ ಹಾಗೆ ಒದ್ದಾಡುತ್ತಾರಲ್ಲ, ಅವರ ಪರವಾಗಿ ಇವತ್ತಿನ ವಕಾಲತ್ತು.

ಮೊದಲು ನನ್ನದೇ ಒಂದು ಕೇಸು. ನನ್ನ ಕಂಪ್ಯೂಟರಿನಲ್ಲಿ ಆರು ವರ್ಷದಿಂದ ಒಬ್ಬ ಸವಾರ ಸೇತುವೆಯ ಮುಂದೆ ಕುದುರೆ ನಿಲ್ಲಿಸಿಕೊಂಡು ನಿಂತಿದ್ದಾನೆ. ಆಟದ ಹೆಸರು ಬೇಡ. ನಲವತ್ತು ಗಂಟೆ ಕೂತು ಅವನನ್ನು ಅಲ್ಲಿಯವರೆಗೆ ತಂದವನು ನಾನು. ಮೊದಲ ಇಪ್ಪತ್ತು ಗಂಟೆ ಊಟ ಮರೆತು ಆಡಿದೆ. ಮುಂದಿನ ಹತ್ತು ಗಂಟೆ ಅಭ್ಯಾಸಬಲದಿಂದ. ಕೊನೆಯ ಹತ್ತು ಗಂಟೆ ಮಾತ್ರ ಸಾಲ ತೀರಿಸುವವನ ಹಾಗೆ. ಸೇತುವೆಯಾಚೆ ಮತ್ತೊಂದು ಕೋಟೆ, ಕೋಟೆಯೊಳಗೆ ಮತ್ತವೇ ಹನ್ನೆರಡು ಕಾವಲುಗಾರರು. ಒಂದು ರಾತ್ರಿ ಸೇವ್ ಮಾಡಿ ಮಲಗಿದವನು ಮತ್ತೆ ಆಡಲಿಲ್ಲ. ಮರುವಾರ ಅಕ್ಕನ ಮಗ ಕೇಳಿದ: "ಮಾಮ, ಮುಗೀತಾ?" "ಇಲ್ಲ ಕಣೋ, ಬಿಟ್ಟುಬಿಟ್ಟೆ." "ಓ, ಕಷ್ಟ ಆಯ್ತಾ?" ಆ ಪ್ರಶ್ನೆ ಚುಚ್ಚಿತು. ಕಷ್ಟವೇನೂ ಆಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ಆಡುವಷ್ಟು ಸುಲಭವಾಗಿತ್ತು, ತೊಂದರೆ ಅದೇ.

ಸೋತು ಬಿಡುವುದು ಒಂದು, ಸಾಕೆಂದು ಬಿಡುವುದು ಇನ್ನೊಂದು. ನೋಡುವವರಿಗೆ ಎರಡೂ ಒಂದೇ ಥರ: ಕಂಟ್ರೋಲರ್ ಕೆಳಗಿಟ್ಟಾಗಿದೆ, ಆಟ ಅರ್ಧಕ್ಕೆ ನಿಂತಿದೆ. ಒಳಗೆ ಅಜಗಜಾಂತರ. ಸೋತವನ ಕನಸಿನಲ್ಲೂ ಆಟ ನಡೆದಿರುತ್ತದೆ. ಅವನು ನಾಳೆ ಮತ್ತೆ ಬರುತ್ತಾನೆ. ಸಾಕಾದವನಿಗೆ ಆಟ ಒಳಗೇ ಮುಗಿದುಹೋಗಿದೆ, ಪರದೆಯ ಮೇಲೆ ಮಾತ್ರ ಉಳಿದಿದೆ.

ಅಷ್ಟಕ್ಕೂ, ಆಟಕ್ಕೊಂದು ಕೊನೆ ಇರಬೇಕೆಂಬುದು ವಿಡಿಯೋ ಗೇಮಿಗೆ ಹುಟ್ಟುಗುಣವಲ್ಲ. 1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ರೂಪಿಸಿದ 'ಸ್ಪೇಸ್ ಇನ್ವೇಡರ್ಸ್'ನಲ್ಲಿ ಒಂದು ದಂಡನ್ನು ಹೊಡೆದುರುಳಿಸಿದರೆ ಇನ್ನೊಂದು ದಂಡು ಇಳಿಯುತ್ತದೆ. ಗೆಲುವೆಂಬುದೇ ಇಲ್ಲ, ಎಷ್ಟು ಹೊತ್ತು ಉಳಿದೆ ಎಂಬುದಷ್ಟೇ ಲೆಕ್ಕ. 1980ರ 'ಪ್ಯಾಕ್-ಮ್ಯಾನ್'ಗೆ ಒಂದು ಕೊನೆಯಿದೆ, ಆದರೆ ಅದು ಯಾರೂ ಬರೆದ ಕೊನೆಯಲ್ಲ. ಅದರಲ್ಲಿ ಹಂತಗಳ ಲೆಕ್ಕ ಇಡುವ ಜಾಗ ಎಂಟು ಬಿಟ್‌ನದು. 255ರ ಆಚೆಗೆ ಎಣಿಸಲು ಬರುವುದಿಲ್ಲ. 256ನೆಯ ಹಂತದಲ್ಲಿ ಪರದೆಯ ಬಲಗಡೆಯ ಅರ್ಧ ಅಕ್ಷರ, ಅಂಕಿಗಳ ಕಲಸುಮೇಲೋಗರವಾಗುತ್ತದೆ. ಹಂತ ಮುಗಿಸಲು ಪ್ಯಾಕ್-ಮ್ಯಾನ್ ತಿನ್ನಬೇಕಾದಷ್ಟು ಚುಕ್ಕಿಗಳೇ ಇರುವುದಿಲ್ಲ, ಆಟ ಮುಂದೆ ಹೋಗುವುದಿಲ್ಲ. ಅಷ್ಟು ದೂರ ಯಾರಾದರೂ ಬಂದಾರು ಎಂದು ಮಾಡಿದವರು ಎಣಿಸಿರಲಿಕ್ಕಿಲ್ಲ. ಅವು ನಾಣ್ಯ ನುಂಗುವ ಪೆಟ್ಟಿಗೆಗಳು. ಆಡುವವನು ಬೇಗ ಸಾಯಬೇಕು, ಮತ್ತೊಂದು ನಾಣ್ಯ ಹಾಕಬೇಕು. ಆಟದ ಉದ್ದವನ್ನು ನಾಣ್ಯ ನಿರ್ಧರಿಸುತ್ತಿತ್ತು.

ಆಟ ಮನೆಯೊಳಗೆ ಬಂದಾಗ ಲೆಕ್ಕ ತಿರುಗಿತು. 1985ರ 'ಸೂಪರ್ ಮಾರಿಯೋ ಬ್ರದರ್ಸ್'ನಲ್ಲಿ ಎಂಟು ಲೋಕ, ಲೋಕಕ್ಕೆ ನಾಲ್ಕರಂತೆ 32 ಹಂತ, ತುದಿಯಲ್ಲಿ ರಾಜಕುಮಾರಿ. ಆದರೆ ಮಾಡಿದವರೇ ಅದರಲ್ಲಿ ಒಳದಾರಿಗಳನ್ನೂ ಇಟ್ಟಿದ್ದರು. ಮೊದಲ ಲೋಕದ ಎರಡನೆಯ ಹಂತದಲ್ಲಿ ಮೇಲಿನ ಇಟ್ಟಿಗೆಯ ಸಾಲಿನ ಮೇಲೆ ಓಡಿದರೆ ಕೊಳವೆಗಳಿರುವ ಗುಪ್ತ ಜಾಗ ಸಿಗುತ್ತದೆ. ಅಲ್ಲಿಂದ ನೇರ ನಾಲ್ಕನೆಯ ಲೋಕ. ಅಲ್ಲೂ ಎರಡನೆಯ ಹಂತದ ಗುಟ್ಟು ಗೊತ್ತಿದ್ದರೆ ನೇರ ಎಂಟನೆಯ ಲೋಕ. 32 ಹಂತದ ಆಟ ಎಂಟೇ ಹಂತದಲ್ಲಿ ಮುಗಿಯುತ್ತದೆ! ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಅಗ್ಗದ ಪೆಟ್ಟಿಗೆಗಳಲ್ಲಿ ಮಾರಿಯೋ ನಮ್ಮ ಊರುಗಳಿಗೆ ಬಂದಾಗ, ಆ ಕೊಳವೆಯ ಗುಟ್ಟು ಬಲ್ಲ ಹುಡುಗ ಬೀದಿಗೇ ನಾಯಕ. ಆ ಆಟದಲ್ಲಿ ಸೇವ್ ಇರಲಿಲ್ಲ. ಕರೆಂಟು ಹೋದರೆ ಮತ್ತೆ ಮೊದಲಿಂದ. ಆಟ ಅರ್ಧಕ್ಕೆ ನಿಂತರೆ ಯಾರಿಗೂ ಪಾಪಪ್ರಜ್ಞೆ ಕಾಡುತ್ತಿರಲಿಲ್ಲ, ಪಾಪವೆಲ್ಲ ಕರೆಂಟಿನದು.

ಮನೆಯ ಆಟಕ್ಕೆ ನಾಣ್ಯವಿಲ್ಲ, ಒಂದೇ ಸಲ ದೊಡ್ಡ ಬೆಲೆ. ಕೊಂಡವರು ಕೇಳುವುದು ಸಹಜ: ಇಷ್ಟು ಕೊಟ್ಟಿದ್ದಕ್ಕೆ ಎಷ್ಟು ಗಂಟೆ ಬರುತ್ತೆ? ಹೀಗಾಗಿ ಬೇಗ ಸಾಯಿಸುತ್ತಿದ್ದವರು ಈಗ ತಡವಾಗಿ ಬಿಡಿಸುವವರಾದರು. ಯೂಬಿಸಾಫ್ಟ್ 2020ರಲ್ಲಿ ತಂದ 'ಅಸ್ಯಾಸಿನ್ಸ್ ಕ್ರೀಡ್ ವಾಲ್ಹಲಾ'ದ ಮುಖ್ಯ ಕಥೆಗೇ ಸುಮಾರು 60 ಗಂಟೆ ಬೇಕು. 2023ರಲ್ಲಿ ಅದೇ ಸರಣಿಯ 'ಮಿರಾಜ್' ಬಂದಾಗ, ಇದು ಚಿಕ್ಕದು ಎಂಬುದನ್ನೇ ಕಂಪನಿ ಆಕರ್ಷಣೆಯಾಗಿ ಹೇಳಿಕೊಂಡಿತು. ಉದ್ದವೇ ಬೇಸರವಾಯಿತೆಂಬುದು ಅಂಗಡಿಗೂ ತಿಳಿಯಿತೆಂದಾಯಿತು.

ಬೇಸರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಆಟವನ್ನೇ ನೋಡೋಣ. ಕೆಟ್ಟ ಆಟವನ್ನು ಬಿಡುವುದರಲ್ಲಿ ಹೇಳುವಂಥದ್ದೇನಿದೆ? ನಿಂಟೆಂಡೊ 2002ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ 'ದಿ ಲೆಜೆಂಡ್ ಆಫ್ ಜೆಲ್ಡಾ: ದಿ ವಿಂಡ್ ವೇಕರ್' ಇಂದಿಗೂ ಕಣ್ಣಿಗೆ ಹಬ್ಬ. ಏಳು ಅಡ್ಡ, ಏಳು ಉದ್ದ, ಹೀಗೆ 49 ಚೌಕಗಳ ಒಂದು ಮಹಾಸಾಗರ. ಮಾತಾಡುವ ದೋಣಿ. ಕೈಯಲ್ಲೊಂದು ಪುಟ್ಟ ಕೋಲು. ಅದನ್ನು ಸ್ವರಕ್ಕೆ ತಕ್ಕಂತೆ ಆಡಿಸಿದರೆ ಗಾಳಿಯ ದಿಕ್ಕು ಬದಲಾಗುತ್ತದೆ. ಮೊದಲ ಸಲ ಹಾಯಿ ಬಿಚ್ಚಿ ಹೊರಟಾಗ ಎದೆ ಅರಳುತ್ತದೆ. ಆದರೆ ಕೊನೆಯ ಕಾಳಗ ಇನ್ನೇನು ಬಂತು ಎನ್ನುವಾಗ ಆಟ ಒಂದು ಕೆಲಸ ಹೇಳುತ್ತದೆ: ಟ್ರೈಫೋರ್ಸ್ ಎಂಬ ದಿವ್ಯವಸ್ತು ಎಂಟು ಚೂರಾಗಿ ಸಮುದ್ರದ ತಳದಲ್ಲಿದೆ, ತಾ. ಪ್ರತಿ ಚೂರಿಗೂ ಒಂದು ನಕ್ಷೆ. ಮೊದಲು ನಕ್ಷೆ ಹುಡುಕಬೇಕು. ಅದು ಓದಲು ಬರುವುದಿಲ್ಲ. ಟಿಂಗಲ್ ಎಂಬ ವಿಚಿತ್ರ ಆಸಾಮಿಯ ಬಳಿ ಒಯ್ದು, ಒಂದಕ್ಕೆ 398 ರುಪೀ ತೆತ್ತು ಓದಿಸಬೇಕು. ರುಪೀ ಎಂದರೆ ನಮ್ಮ ರೂಪಾಯಿಯಲ್ಲ, ಆ ಲೋಕದ ಹಣ. ಎಂಟಕ್ಕೆ 3,184. ದುಡ್ಡಿಲ್ಲದಿದ್ದರೆ ದುಡಿದು ಬರಬೇಕು. ಆಮೇಲೆ ದೋಣಿ ಹತ್ತಿ, ದಿಕ್ಕು ಬದಲಿಸಿದಾಗಲೆಲ್ಲ ಗಾಳಿ ತಿರುಗಿಸಿ, ಜಾಗ ಮುಟ್ಟಿ, ಕೊಕ್ಕೆ ಇಳಿಬಿಟ್ಟು ಮೇಲೆತ್ತಬೇಕು. ಹೀಗೆ ಎಂಟು ಸಲ.

ಮೊದಲು ಎದೆ ಅರಳಿಸಿದ ಅದೇ ಗಾಳಿ, ಅದೇ ಸಮುದ್ರ ಈಗ ಕಚೇರಿ ಅಲೆದಾಟವಾಯಿತು: ಈ ಮೇಜಿನಲ್ಲಿ ಅರ್ಜಿ, ಆ ಕಿಟಕಿಯಲ್ಲಿ ಶುಲ್ಕ, ಮತ್ತೊಂದು ಕಡೆ ಸೀಲು. ಆಟದ ನಿರ್ದೇಶಕ ಏಜಿ ಅವೊನುಮಾ, ಸಮಯ ಸಾಲದೆ ಕೆಲವು ಡಂಜನ್‌ಗಳನ್ನು, ಅಂದರೆ ಕಾದಾಡಿ ದಾಟಬೇಕಾದ ಗುಹೆ-ಕೋಟೆಗಳನ್ನು, ಕೈಬಿಡಬೇಕಾಯಿತೆಂದು ಮುಂದೆ ಒಪ್ಪಿಕೊಂಡರು. 2013ರಲ್ಲಿ ವೀ ಯು ಯಂತ್ರಕ್ಕಾಗಿ ಆಟವನ್ನು ಹೊಸದಾಗಿ ತಂದಾಗ, ಎಂಟರಲ್ಲಿ ಐದು ಚೂರುಗಳು ನೇರವಾಗಿಯೇ ಸಿಗುವಂತೆ ಮಾಡಿ, ಮೂರಕ್ಕೆ ಮಾತ್ರ ನಕ್ಷೆಯ ಅಲೆದಾಟ ಉಳಿಸಿದರು. ಗಾಳಿ ಸದಾ ಬೆನ್ನಿಗಿರುವ ವೇಗದ ಹಾಯಿಯನ್ನೂ ಕೊಟ್ಟರು. ಹಳೆಯ ಆಟವನ್ನು ಆರನೆಯ ಚೂರಿನ ಹೊತ್ತಿಗೆ ಬಿಟ್ಟವರನ್ನು ನಾವು ತಾಳ್ಮೆಗೆಟ್ಟವರು ಎಂದಿದ್ದೆವು. ಹನ್ನೊಂದು ವರ್ಷದ ಮೇಲೆ, ಮಾಡಿದವರೇ ಆ ಭಾಗವನ್ನು ಕತ್ತರಿಸಿದರು. ಹಾಗಾದರೆ ಬಿಟ್ಟವರು ಮಾಡಿದ್ದು ಸರಿಯಾದ ವಿಮರ್ಶೆಯೇ ತಾನೇ?

ಆಟ ವಿನ್ಯಾಸಕ ರಾಫ್ ಕಾಸ್ಟರ್ ತಮ್ಮ 'ಎ ಥಿಯರಿ ಆಫ್ ಫನ್' ಪುಸ್ತಕದಲ್ಲಿ ಇದರ ಬೇರನ್ನು ಹಿಡಿಯುತ್ತಾರೆ. ಆಟದ ಸುಖವೆಂದರೆ ಕಲಿಯುವ ಸುಖ. ಕಲಿಯುವುದು ಮುಗಿದಲ್ಲಿ ಬೇಸರ ಶುರು ಎಂಬುದು ಅವರ ವಾದದ ತಿರುಳು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂಬತ್ತು ಮನೆ ಬರೆದು ನಾವೆಲ್ಲ ಇಂಟು, ಸೊನ್ನೆ ಆಡಿದವರೇ. ಇಬ್ಬರೂ ತಪ್ಪದೆ ಆಡಿದರೆ ಯಾರೂ ಗೆಲ್ಲುವುದಿಲ್ಲ ಎಂದು ಗೊತ್ತಾದ ದಿನ ಆ ಆಟ ತಾನಾಗಿ ಬಿಟ್ಟುಹೋಯಿತು. ಬಿಟ್ಟದ್ದಕ್ಕೆ ಯಾವ ಮೇಷ್ಟರೂ ಬೈಯಲಿಲ್ಲ.

ಹಾಗಿದ್ದೂ ದೊಡ್ಡ ಆಟ ಬಿಡಲು ಕೈ ಬಾರದು. ಯಾಕೆ? ಕೊಟ್ಟ ದುಡ್ಡು, ಕಳೆದ ಹೊತ್ತು. ಹ್ಯಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ನಾಟಕಶಾಲೆಯಲ್ಲಿ ಇಡೀ ಋತುವಿನ ಟಿಕೆಟ್ 15 ಡಾಲರ್. ಕೊಳ್ಳಲು ಬಂದ ಕೆಲವರಿಗೆ, ಅವರು ಕೇಳದೆಯೇ, 2 ಅಥವಾ 7 ಡಾಲರ್ ರಿಯಾಯಿತಿ ಕೊಟ್ಟರು. ಋತುವಿನ ಮೊದಲರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರೇ ಹೆಚ್ಚು ನಾಟಕ ನೋಡಿದರು. ನಾಟಕ ಎಲ್ಲರಿಗೂ ಅದೇ. ಎಬ್ಬಿಸಿ ಕರೆತಂದದ್ದು ಜೇಬಿನ ನೋವು. ಆಶ್ಚರ್ಯವೆಂದರೆ ಎರಡನೆಯ ಅರ್ಧದಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ದುಡ್ಡಿನ ನೋವೂ ಕಾಲಕ್ರಮೇಣ ಆರುತ್ತದೆ. ನನ್ನ ಕೊನೆಯ ಹತ್ತು ಗಂಟೆ ಹೋದದ್ದು ಈ ನೋವಿನ ಖಾತೆಗೆ.

ಇನ್ನೊಂದು ಹೆದರಿಕೆ, ನಾನೊಬ್ಬನೇ ಹೀಗೆ ಎಂಬುದು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಅಂಗಡಿಯಲ್ಲಿ, ಆಟದ ಯಾವ ಘಟ್ಟವನ್ನು ನೂರಕ್ಕೆ ಎಷ್ಟು ಜನ ದಾಟಿದ್ದಾರೆ ಎಂಬುದು ಎಲ್ಲರಿಗೂ ಕಾಣುವಂತಿರುತ್ತದೆ. ಹೊಗಳಿಸಿಕೊಂಡ ಯಾವುದಾದರೂ ಉದ್ದದ ಆಟದ ಪಟ್ಟಿ ತೆಗೆದು ನೋಡಿ. ಮೊದಲ ಅಧ್ಯಾಯದ ಪದಕ ಬಹುಮಂದಿಗೆ, ಕೊನೆಯದು ಅದಕ್ಕಿಂತ ತೀರಾ ಕಡಿಮೆ ಮಂದಿಗೆ. ನಡುವೆ ಇಳಿದವರದ್ದೇ ದೊಡ್ಡ ಜಾತ್ರೆ.

ಇಲ್ಲಿ ಹಿರಿಯರೊಬ್ಬರು ಹುಬ್ಬೇರಿಸುತ್ತಿರುವುದು ಕಾಣುತ್ತಿದೆ. ಹಾಗಾದರೆ ಬೇಜಾರಾದದ್ದನ್ನೆಲ್ಲ ಬಿಡುತ್ತಾ ಹೋಗಬೇಕೆ? ಖಂಡಿತ ಅಲ್ಲ. ನಿಧಾನ ಬೇರೆ, ನೀರು ಬೆರೆಸಿದ್ದು ಬೇರೆ. ವಿಳಂಬದ ಆಲಾಪವನ್ನು ಬೇಸರ ಎನ್ನುವವನಿಗೆ ಕಿವಿ ಇನ್ನೂ ಪಳಗಿಲ್ಲ. 2019ರ 'ಡೆತ್ ಸ್ಟ್ರ್ಯಾಂಡಿಂಗ್' ಎಂಬ ಆಟದಲ್ಲಿ ನಾಯಕನಿಗೆ ಇರುವ ಕೆಲಸವೇ ಬೆನ್ನ ಮೇಲೆ ಹೊರೆ ಹೊತ್ತು ಬೆಟ್ಟಗುಡ್ಡ ಹತ್ತಿಳಿದು ತಲುಪಿಸುವುದು. ಆ ನಡಿಗೆಯಲ್ಲಿ ಪ್ರತಿ ಹೆಜ್ಜೆಗೂ ತೂಕವಿದೆ. ಬೇಸರವನ್ನೇ ತಮಾಷೆಯಾಗಿಸಿದ ಆಟವೂ ಉಂಟು. ಪೆನ್ ಮತ್ತು ಟೆಲ್ಲರ್ ಎಂಬ ಅಮೆರಿಕದ ಜಾದೂಗಾರರ ಜೋಡಿಗಾಗಿ ತಯಾರಾಗಿ, 1995ರಲ್ಲಿ ಅಂಗಡಿಗೆ ಬರಬೇಕಾಗಿದ್ದು ಬಾರದೇ ಹೋದ 'ಡೆಸರ್ಟ್ ಬಸ್'. ಟೂಸಾನಿನಿಂದ ಲಾಸ್ ವೇಗಸ್‌ಗೆ ಮರುಭೂಮಿಯಲ್ಲಿ ಖಾಲಿ ಬಸ್ಸು ಓಡಿಸಬೇಕು. ಗಂಟೆಗೆ 45 ಮೈಲಿಯ ಮೇಲೆ ಹೋಗದು, ದಾರಿ ಎಂಟು ಗಂಟೆ. ಬಸ್ಸು ತುಸು ಬಲಕ್ಕೆ ಎಳೆಯುವುದರಿಂದ ಕೈ ಬಿಡುವಂತಿಲ್ಲ. ಊರು ಮುಟ್ಟಿದರೆ ಒಂದೇ ಒಂದು ಅಂಕ. 2007ರಿಂದ ಒಂದು ತಂಡ ವರ್ಷಕ್ಕೊಮ್ಮೆ ದಿನಗಟ್ಟಲೆ ಇದನ್ನೇ ಆಡಿ ಮಕ್ಕಳ ನೆರವಿಗೆ ಹಣ ಕೂಡಿಸುತ್ತದೆ. ಆ ಬೇಸರ ಗೊತ್ತಿದ್ದೇ ಒಪ್ಪಿಕೊಂಡದ್ದು; ವ್ರತದ ಹಾಗೆ.

ಹಾಗಾದರೆ ಬಿಡುವ ಹೊತ್ತು ಬಂತೆಂದು ತಿಳಿಯುವುದು ಹೇಗೆ? ನನ್ನದೊಂದು ಪರೀಕ್ಷೆಯಿದೆ. ಪರದೆಯ ಮೂಲೆಯಲ್ಲಿ ಒಂದು ಗುಂಡಿ ಇದೆ ಎಂದುಕೊಳ್ಳಿ. ಒತ್ತಿದರೆ ನಡುವಿನದೆಲ್ಲ ಮಾಯ, ನೇರ ಮುಕ್ತಾಯ. ಒತ್ತುತ್ತೀರಾ? ಸೋತು ಕೂತವನನ್ನು ಕೇಳಿ, "ಛೆ, ನಾನೇ ಗೆಲ್ಲಬೇಕು" ಎನ್ನುತ್ತಾನೆ. ಅವನಿಗೆ ಇನ್ನೂ ಆಟ ಬೇಕು, ಆಡಲಿ. ಗುಂಡಿ ಒತ್ತಲು ನಿಮ್ಮ ಬೆರಳು ತಾನಾಗಿ ಏಳುತ್ತದೆಂದರೆ, ನಿಮಗೆ ಬೇಕಾಗಿರುವುದು ಕೊನೆಯ ಸುದ್ದಿ ಮಾತ್ರ. ಅದನ್ನು ಯೂಟ್ಯೂಬಿನಲ್ಲಿ ಹತ್ತು ನಿಮಿಷ ನೋಡಿ, ಎದ್ದು ಹೋಗಿ.

ಈ ವಿದ್ಯೆ ಇವತ್ತು ಗೇಮಿನ ಹುಡುಗರಿಗೆ ಮಾತ್ರ ಬಂದರೆ ಸಾಲದು. 2012ರಲ್ಲಿ ಮೊಬೈಲಿಗೆ ಬಂದ 'ಕ್ಯಾಂಡಿ ಕ್ರಶ್ ಸಾಗಾ'ವನ್ನು ಈ ಸಭೆಯಲ್ಲಿ ಆಡದವರು ಕಡಿಮೆ. ಕೈ ಎತ್ತಿ ಎಂದು ಮುಜುಗರಪಡಿಸುವುದಿಲ್ಲ. ಹಂತಗಳನ್ನು ಸೇರಿಸುತ್ತಲೇ ಇದ್ದಾರೆ. ನಾಣ್ಯದ ಪೆಟ್ಟಿಗೆಗೆ ಕೊನೆ ಇರಲಿಲ್ಲ, ಮನೆಯ ಪೆಟ್ಟಿಗೆ ಕೊನೆ ಕೊಟ್ಟಿತು, ಜೇಬಿನ ಪೆಟ್ಟಿಗೆ ಅದನ್ನು ವಾಪಸು ಕಿತ್ತುಕೊಂಡಿತು. ಕೊನೆಯೇ ಇಲ್ಲದ ಆಟವನ್ನು ಮುಗಿಸುವವರು ಯಾರು? ಆಡುವವರೇ ಮುಗಿಸಬೇಕು.

ನಮ್ಮ ಅಜ್ಜಿ ಎಲೆಯಲ್ಲಿ ಒಂದು ಅಗುಳು ಬಿಟ್ಟರೂ ಏಳಗೊಡುತ್ತಿರಲಿಲ್ಲ. ಆಟ ಬಿಟ್ಟಾಗ ನನ್ನೊಳಗೆ ಗದರಿದ್ದು ಅವರದೇ ದನಿ. ಆದರೆ ಪಂಕ್ತಿಯಲ್ಲಿ ಪಕ್ಕ ಕೂರಿಸಿಕೊಂಡು ಅವರೇ ಇನ್ನೊಂದನ್ನೂ ಕಲಿಸಿದ್ದರು. ಬಡಿಸುವವರು ಹೊಟ್ಟೆ ನೋಡಿ ಬಡಿಸುವುದಿಲ್ಲ, ಪಾತ್ರೆ ನೋಡಿ ಬಡಿಸುತ್ತಾರೆ. ಸಾಕಾದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿ. ಬಿಡಬಾರದು ಎಂಬ ನಿಯಮ ಉಳಿಯುವುದೇ ಸಾಕು ಎನ್ನಲು ಬಲ್ಲವರಿಂದ.

ಅಕ್ಕನ ಮಗ ಈಗ ಕಾಲೇಜಿನಲ್ಲಿದ್ದಾನೆ. ಹೋದ ತಿಂಗಳು ಫೋನು ಮಾಡಿ, ಯಾವುದೋ ಆಟದ ಹೆಸರು ಹೇಳಿ, "ಬಿಟ್ಟೆ ಮಾಮ" ಅಂದ, ತುಸು ಸಪ್ಪಗೆ. ಕಷ್ಟ ಆಯ್ತಾ ಎಂದು ನಾನು ಕೇಳಲಿಲ್ಲ. "ಎಲ್ಲಿ ಸಾಕಾಯ್ತು?" ಎಂದೆ. ಅರ್ಧ ಗಂಟೆ ಮಾತಾಡಿದ. ಯಾವ ತಿರುವಿನವರೆಗೆ ಆಟ ಜೀವಂತವಾಗಿತ್ತು, ಎಲ್ಲಿಂದ ಹಳೆಯದನ್ನೇ ಬಿಸಿಮಾಡಿ ಬಡಿಸಿದರು, ಎಲ್ಲಿ ನಿಲ್ಲಿಸಿದ್ದರೆ ಚೆನ್ನಾಗಿತ್ತು, ಎಲ್ಲ ಹೇಳಿದ. ಮುಗಿಸಿದವರು ಯಾರೂ ನನಗೆ ಒಂದು ಆಟವನ್ನು ಇಷ್ಟು ಚೆನ್ನಾಗಿ ಬಿಡಿಸಿ ಹೇಳಿರಲಿಲ್ಲ.

ಫೋನಿಟ್ಟ ಮೇಲೆ ನನ್ನ ಸವಾರನನ್ನು ಒಮ್ಮೆ ತೆರೆದು ನೋಡಿದೆ. ಸೇತುವೆಯ ಮುಂದೆ ಹಾಗೇ ನಿಂತಿದ್ದ, ಕುದುರೆ ಬಾಲ ಬೀಸುತ್ತಿತ್ತು. ಒಂದೆರಡು ನಿಮಿಷ ನೋಡಿ, ಮುಚ್ಚಿದೆ.